ಇಪ್ಪತ್ತು ನಾಟಿ ಕುರಿ, ಒಂದು ಟಗರು: ಗುಡ್ಡದಂಚಿನ ಕುಟುಂಬಕ್ಕೆ ಮೊದಲ ವರ್ಷದ ದಾರಿ

ವಾರಕ್ಕೊಬ್ಬರಾದರೂ ಕೇಳುತ್ತಾರೆ: "ಕುರಿ ಸಾಕಬೇಕು ಅಂತಿದ್ದೀವಿ, ಶೆಡ್ ಎಷ್ಟು ಉದ್ದ ಕಟ್ಟಿಸೋಣ?" ಕೆಲವರು ಆಗಲೇ ತಗಡು ತಂದು ಇಳಿಸಿರುತ್ತಾರೆ. ಈ ಲೇಖನದಲ್ಲಿ ಶೆಡ್ ಮೂರನೇ ಹಂತ. ಮೊದಲನೆಯದು ಮೇವು, ಎರಡನೆಯದು ತಳಿ. ಈ ಕ್ರಮ ತಲೆಕೆಳಗು ಮಾಡಿದವರು ಎರಡನೇ ವರ್ಷಕ್ಕೆ ಅದೇ ಶೆಡ್ಡಿನಲ್ಲಿ ಈರುಳ್ಳಿ ಹರವಿರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಇದನ್ನು ಯಾರಿಗಾಗಿ ಬರೆದಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಗುಡ್ಡದ ಬುಡದಲ್ಲಿ ಮೂರ್ನಾಲ್ಕು ಎಕರೆ ಖುಷ್ಕಿ ಹೊಲ ಇದೆ. ಪಕ್ಕದಲ್ಲಿ ಮೇಯಿಸಲು ಇಳಿಜಾರು ಜಾಗ ಇದೆ. ಮನೆಯಲ್ಲಿ ಕೆಲಸಕ್ಕೆ ಮೂರು ಜನ ಸಿಗುತ್ತಾರೆ. ಅಂಥವರಿಗೆ 20 ಹೆಣ್ಣು ಕುರಿ, ಒಂದು ಟಗರು ಸಾಕು. ಐನೂರು ಕುರಿಯ ಫಾರಂ ಮಾಡಲು ಹೊರಟವರಿಗೆ ಇದು ಸಾಲದು.

1. ಮೊದಲು ಮೇವು ಎಣಿಸಿ

ನಮ್ಮ ನಾಟಿ ಹೆಣ್ಣು ಕುರಿ ಸುಮಾರು 30 ಕಿಲೋ ತೂಗುತ್ತದೆ. ದಿನಕ್ಕೆ ತನ್ನ ತೂಕದ ಶೇ. 3ರಿಂದ 4ರಷ್ಟು ಒಣಮೇವಿನ ಅಂಶ ಅದಕ್ಕೆ ಬೇಕು. ಒಣಮೇವಿನ ಅಂಶ ಅಂದರೆ ಹುಲ್ಲಿನೊಳಗಿನ ನೀರು ಕಳೆದು ಉಳಿಯುವ ತೂಕ. ಸರಾಸರಿ ಒಂದು ಕಿಲೋ ಅಂದುಕೊಳ್ಳಿ. ಇಪ್ಪತ್ತೊಂದು ಕುರಿಗೆ ದಿನಕ್ಕೆ 21 ಕಿಲೋ ಆಯಿತು.

ಮಳೆಗಾಲದಲ್ಲಿ ಇದನ್ನು ಗುಡ್ಡವೇ ಕೊಡುತ್ತದೆ. ಸುಗ್ಗಿ ಆದಮೇಲೆ ಕೂಳೆ ಹೊಲ ಕೊಡುತ್ತದೆ. ಕಷ್ಟ ಬರುವುದು ಫೆಬ್ರವರಿಯಿಂದ ಮೇವರೆಗೆ. ಆ 120 ದಿನ ಅರ್ಧ ಹೊಟ್ಟೆಯನ್ನಾದರೂ ನೀವೇ ತುಂಬಿಸಬೇಕು. ದಿನಕ್ಕೆ 10 ಕಿಲೋ ಅಂದರೂ 12 ಕ್ವಿಂಟಾಲ್ ಒಣಮೇವು. ಶೇಂಗಾ ಬಳ್ಳಿ, ಹುರುಳಿ ಹೊಟ್ಟು, ತೊಗರಿ ಹೊಟ್ಟು ಒಳ್ಳೆಯದು. ಬರೀ ಜೋಳದ ಸಪ್ಪೆ ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ಕೂಡುವುದಿಲ್ಲ. ಈ ಹೊಟ್ಟು ಸುಗ್ಗಿ ಹೊತ್ತಿಗೇ ಬಣವೆ ಸೇರಿರಬೇಕು. ಮಾರ್ಚ್‌ನಲ್ಲಿ ಕೊಳ್ಳಲು ಹೋದರೆ ಕುರಿ ಮಾರಿ ಹೊಟ್ಟು ತಂದ ಹಾಗಾಗುತ್ತದೆ.

ಬದುವಿನ ಮೇಲೆ ಅಗಸೆ ಮರ, ಸುಬಾಬುಲ್ ಈ ವರ್ಷವೇ ಹಾಕಿ. ಕುರಿ ಮುಂದಿನ ವರ್ಷ ತಂದರೂ ನಡೆಯುತ್ತದೆ. ಸುಬಾಬುಲ್ ಸೊಪ್ಪು ಮಾತ್ರ ಒಟ್ಟು ಮೇವಿನ ಮೂರರಲ್ಲಿ ಒಂದು ಪಾಲು ದಾಟಬಾರದು. ಅದರಲ್ಲಿ ಮಿಮೋಸಿನ್ ಎಂಬ ವಿಷದ ಅಂಶ ಇದೆ. ಜಾಸ್ತಿ ತಿಂದರೆ ಉಣ್ಣೆ ಉದುರುತ್ತದೆ, ಕುರಿ ಸೊರಗುತ್ತದೆ. ಬೇಲಿಯಲ್ಲಿ ಕರಿಜಾಲಿ ಇದ್ದರೆ ಕಡಿಸಬೇಡಿ. ಬೇಸಿಗೆಯಲ್ಲಿ ಉದುರುವ ಅದರ ಕಾಯಿ ಪುಕ್ಕಟೆ ಹಿಂಡಿ ಇದ್ದಂತೆ.

ಗುಡ್ಡ ಯಾರದು ಅಂತಲೂ ಈಗಲೇ ನೋಡಿಕೊಳ್ಳಿ. ಗೋಮಾಳವೋ, ಅರಣ್ಯವೋ? ಮೀಸಲು ಅರಣ್ಯವಾದರೆ ಮೇಯಿಸಲು ನಿರ್ಬಂಧ ಇರುತ್ತದೆ. "ನಮ್ಮಜ್ಜನ ಕಾಲದಿಂದ ಮೇಯಿಸ್ತಿದ್ದೀವಿ" ಅನ್ನುವ ಮಾತು ಗಾರ್ಡ್ ಮುಂದೆ ನಡೆಯುವುದಿಲ್ಲ.

2. ನಿಮ್ಮ ನೆಲದ ತಳಿ ಯಾವುದು?

ಕರ್ನಾಟಕದಲ್ಲಿ ಹೆಸರಿರುವ ತಳಿಗಳು ಐದು. ಬನ್ನೂರು (ಮಂಡ್ಯ ತಳಿ ಅಂತಲೂ ಕರೆಯುತ್ತಾರೆ), ಹಾಸನ, ಬಳ್ಳಾರಿ, ಕೆಂಗುರಿ, ಡೆಕ್ಕನಿ. ಇವು ಬರೀ ಹೆಸರಲ್ಲ. ಆಯಾ ನೆಲದ ಹುಲ್ಲು, ಬಿಸಿಲು, ನಡಿಗೆಯ ದೂರ, ಎಲ್ಲ ಸೇರಿ ಆದ ಮೈಗಳು.

ಬನ್ನೂರು ಕುರಿ ಗಿಡ್ಡ, ದುಂಡು. ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ತಲೆಕೆಳಗಾದ ಲಾಳದ ಆಕಾರ ಕಾಣುತ್ತದೆ. ಮಾಂಸಕ್ಕೆ ಹೆಸರುವಾಸಿ. ಆದರೆ ಅದು ಮಳವಳ್ಳಿ, ಮಂಡ್ಯ ಕಡೆಯ ನೀರಿನ ಆಸರೆಯ ನೆಲದ ಕುರಿ. ದಿನಕ್ಕೆ ಹತ್ತು ಕಿಲೋಮೀಟರ್ ಕಲ್ಲುಗುಡ್ಡ ಹತ್ತಿಸಿದರೆ ಅದರ ದುಂಡುತನ ಉಳಿಯುವುದಿಲ್ಲ. ಡೆಕ್ಕನಿ ಇದಕ್ಕೆ ಉಲ್ಟಾ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಕಪ್ಪು ಉಣ್ಣೆಯ ಕುರಿ. ನಡೆಯುವುದೇ ಅದರ ಕಸುಬು. ಕೆಂಗುರಿ ಹೆಸರೇ ಹೇಳುವಂತೆ ಕೆಂಪು ಕಂದು ಬಣ್ಣದ್ದು, ರಾಯಚೂರು, ಕೊಪ್ಪಳದ ಬಿಸಿಲಿಗೆ ಹೊಂದಿಕೊಂಡದ್ದು. ಬಳ್ಳಾರಿ ಕುರಿ ದೊಡ್ಡ ಮೈಯದು. ಬಳ್ಳಾರಿ, ಚಿತ್ರದುರ್ಗ, ದಾವಣಗೆರೆ, ಹಾವೇರಿ ಕಡೆ ಸಿಗುತ್ತದೆ.

ಆಯ್ಕೆಗೆ ಒಂದು ಸರಳ ಉಪಾಯ ಇದೆ. ನಿಮ್ಮ ಮನೆಯಿಂದ ಇಪ್ಪತ್ತು ಕಿಲೋಮೀಟರ್ ಒಳಗೆ ಮಂದೆ ಮೇಯಿಸುವ ಹಿರಿಯರು ಯಾವ ಕುರಿ ಇಟ್ಟಿದ್ದಾರೋ ಅದನ್ನೇ ತನ್ನಿ. ಆ ಕುರಿಗೆ ನಿಮ್ಮ ಮಳೆ ಗೊತ್ತು, ನಿಮ್ಮ ಹುಲ್ಲು ಗೊತ್ತು. ಅದರ ರೋಗಗಳ ಬಗ್ಗೆ ಹೇಳಿಕೊಡಲು ಪಕ್ಕದೂರಿನಲ್ಲೇ ಒಬ್ಬರು ಇರುತ್ತಾರೆ.

"ಅವಳಿ ಮರಿ ಹಾಕುವ ತಳಿ ತರಬಹುದಲ್ವಾ?" ಅನ್ನುವವರಿಗೆ ಎರಡು ಮಾತು. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆ ಬಂಗಾಳದ ಸುಂದರಬನ ಕಡೆಯ ಗ್ಯಾರೊಲ್ ಕುರಿಯ ಅವಳಿ ಗುಣವನ್ನು ಡೆಕ್ಕನಿಗೆ ಸೇರಿಸಿ ನಾರಿ ಸುವರ್ಣ ಎಂಬ ಕುರಿ ಮಾಡಿದೆ. ಒಳ್ಳೆಯ ಕೆಲಸ. ಆದರೆ ಎರಡು ಮರಿಗೆ ಎರಡು ಮರಿಯ ಹಾಲು ಬೇಕು, ಆ ಹಾಲಿಗೆ ತಾಯಿಗೆ ಕೈಮೇವು (ಕಾಳು-ಹಿಂಡಿ) ಬೇಕು. ಮೊದಲ ವರ್ಷ ಆ ಆಸೆ ಬೇಡ. ನಮ್ಮ ನಾಟಿ ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಆ ಒಂದನ್ನು ಉಳಿಸಿಕೊಳ್ಳುವುದನ್ನು ಮೊದಲು ಕಲಿಯೋಣ.

3. ರೊಪ್ಪ (ಕುರಿ ಶೆಡ್): ಸೋರಬಾರದು, ಸೆಕೆಯಾಗಬಾರದು, ಅಷ್ಟೇ

ಒಂದು ದೊಡ್ಡ ಕುರಿಗೆ 10 ಚದರ ಅಡಿ ಸೂರು, ಅದರ ಎರಡರಷ್ಟು ಬಯಲು ಅಂಗಳ. ಟಗರಿಗೆ, ಮರಿಗಳಿಗೆ ಬೇರೆ ಜಾಗ ಸೇರಿ 300 ಚದರ ಅಡಿ ಸೂರು ನಿಮ್ಮ ಮಂದೆಗೆ ಧಾರಾಳ. ಉದ್ದ ಪೂರ್ವ-ಪಶ್ಚಿಮಕ್ಕಿರಲಿ. ನೆಲ ಗರಸು ಹಾಕಿ ಹೊರಗಿನ ಜಾಗಕ್ಕಿಂತ ಒಂದಡಿ ಎತ್ತರಿಸಿ, ಸ್ವಲ್ಪ ಇಳಿಜಾರು ಕೊಡಿ. ಗುಡ್ಡದ ಬುಡದಲ್ಲಿದ್ದರೆ ಮಳೆನೀರು ಇಳಿದು ಬರುವ ದಾರಿ ನೋಡಿ, ಮೇಲ್ಬದಿಗೆ ಒಂದು ಕಾಲುವೆ ತೆಗೆಯಿರಿ. ಸಿಮೆಂಟ್ ನೆಲ ಬೇಡ. ಮೂತ್ರ ಇಂಗುವುದಿಲ್ಲ, ಗೊರಸು ಕೊಳೆಯುತ್ತದೆ.

ಗೋಡೆಗಿಂತ ಬೇಲಿ ಮುಖ್ಯ. ರಾತ್ರಿ ನಾಯಿ, ತೋಳ, ಕೆಲವು ಕಡೆ ಚಿರತೆ ಬರುತ್ತವೆ. ನನ್ನ ಪ್ರಕಾರ ಇವುಗಳಲ್ಲಿ ಜಾಸ್ತಿ ಹಾಳು ಮಾಡುವುದು ಊರನಾಯಿ. ಆರಡಿ ಎತ್ತರದ ಜಾಲರಿ ಹಾಕಿ, ಬುಡದಲ್ಲಿ ಒಂದಡಿ ಮಣ್ಣೊಳಗೆ ಹೂತಿರಲಿ.

4. ಕೊಳ್ಳುವ ದಿನ

ಸಂತೆಯಲ್ಲಿ ಕೊಳ್ಳಬೇಡಿ. ಸಂತೆಗೆ ಬರುವ ಕುರಿಯಲ್ಲಿ ಎರಡು ಬಗೆ: ಹಣದ ಅಡಚಣೆಗೆ ಮಾರುವಂಥದ್ದು, ಮನೆಗೆ ಬೇಡವಾದದ್ದು. ಹೊಸಬರ ಕೈಗೆ ಎರಡನೆಯದೇ ಬೀಳುತ್ತದೆ. ಸಾಲದ್ದಕ್ಕೆ ಹತ್ತೂರಿನ ರೋಗ ಒಂದೇ ಬಯಲಲ್ಲಿ ಸೇರಿರುತ್ತದೆ. ಮಂದೆಗೇ ಹೋಗಿ. ಸಂಜೆ ಮೇದು ಬರುವ ಹೊತ್ತಿಗೆ ಹೋದರೆ ಯಾವುದು ಕುಂಟುತ್ತದೆ, ಯಾವುದು ಹಿಂದುಳಿಯುತ್ತದೆ, ಯಾವುದು ಕೆಮ್ಮುತ್ತದೆ ಎಲ್ಲ ಕಾಣುತ್ತದೆ.

ಒಂದೊಂದನ್ನೇ ಹಿಡಿದು ಈ ಕ್ರಮದಲ್ಲಿ ನೋಡಿ.

ಹಲ್ಲು: ಕುರಿಗೆ ಮುಂದಿನ ಹಲ್ಲು ಕೆಳದವಡೆಯಲ್ಲಿ ಮಾತ್ರ ಇರುತ್ತವೆ, ಎಂಟು. "ಮೇಲಿನ ಹಲ್ಲು ಬಿದ್ದು ಹೋಗಿದೆ" ಅಂತ ಗಾಬರಿಯಾಗಬೇಡಿ. ನಡುವಿನ ಎರಡು ದೊಡ್ಡದಾಗಿದ್ದರೆ ಒಂದರಿಂದ ಒಂದೂವರೆ ವರ್ಷ, ನಾಲ್ಕಾದರೆ ಎರಡು, ಆರಾದರೆ ಮೂರು ವರ್ಷದ ಆಸುಪಾಸು. ಎಂಟೂ ಬಂದಿದ್ದರೆ ಬಾಯಿಗೂಡಿದ ಕುರಿ, ನಾಲ್ಕು ದಾಟಿದೆ. ನಿಮಗೆ ಬೇಕಾದದ್ದು ಎರಡು ಅಥವಾ ನಾಲ್ಕು ಹಲ್ಲಿನದು.

ಕೆಚ್ಚಲು: ಎರಡೂ ಮೊಲೆ ಸಮ ಇರಬೇಕು. ಒತ್ತಿದರೆ ಒಳಗೆ ಗಟ್ಟಿ ಗಂಟು ಸಿಗಬಾರದು. ಗಂಟಿದ್ದರೆ ಹಿಂದೆ ಕೆಚ್ಚಲು ಬಾವು ಆಗಿದೆ ಎಂದೇ ಅರ್ಥ. ಎಷ್ಟು ಚಂದದ ಕುರಿಯಾದರೂ ಬಿಡಿ.

ಬಾಲದ ಕೆಳಗೆ: ಒಣಗಿ, ಸ್ವಚ್ಛ ಇರಬೇಕು. ಹಿಕ್ಕೆ ಬಿಡಿಬಿಡಿಯಾಗಿ ಉದುರಬೇಕು. ಹಿಂಬದಿಗೆ ಸಗಣಿ ಮೆತ್ತಿಕೊಂಡಿದ್ದರೆ ಹುಳು ಅಥವಾ ಭೇದಿ.

ಕೊನೆಗೆ ಬೆನ್ನು. ಸೊಂಟದ ಮೇಲೆ ಅಂಗೈ ಇಟ್ಟು ಒತ್ತಿ. ಬೆನ್ನುಮೂಳೆ ಗರಗಸದ ಹಾಗೆ ಸಿಕ್ಕರೆ ಬಡಕಲು. ಮೂಳೆ ಸಿಗಬೇಕು, ಚುಚ್ಚಬಾರದು. ಉಣ್ಣೆ ದಟ್ಟವಾಗಿರುವ ಕುರಿಯನ್ನು ಕಣ್ಣಲ್ಲಿ ನೋಡಿ ಅಳೆಯಲು ಆಗುವುದಿಲ್ಲ, ಕೈಯೇ ಬೇಕು.

ಟಗರನ್ನು ಬೇರೆ ಮಂದೆಯಿಂದ ತನ್ನಿ. ಹೆಣ್ಣು, ಟಗರು ಒಂದೇ ಕಡೆ ಕೊಂಡರೆ ಅಣ್ಣ-ತಂಗಿ ಇರಬಹುದು. ವಯಸ್ಸು ಒಂದೂವರೆ ವರ್ಷ ದಾಟಿರಲಿ. ಎರಡೂ ಬೀಜ ಇಳಿದು, ಸಮ ಗಾತ್ರ ಇದ್ದು, ಮುಟ್ಟಿದರೆ ಗಟ್ಟಿಯಾಗಿರಬೇಕು. ಕೊಂಬು ನೋಡಿ ಟಗರು ಕೊಳ್ಳುವುದು ಕಾಳಗಕ್ಕೆ ಸರಿ, ಮಂದೆಗಲ್ಲ.

5. ಮೊದಲ 30 ದಿನ ಬೇರೆ

ಮನೆಯಲ್ಲಿ ಮೊದಲೇ ಎರಡು ಕುರಿಯೋ ಮೇಕೆಯೋ ಇದ್ದರೆ ಹೊಸವನ್ನು ಒಂದು ತಿಂಗಳು ದೂರದಲ್ಲೇ ಇಡಿ. ನೀರಿನ ತೊಟ್ಟಿಯೂ ಬೇರೆ. ಹಳೆಯವಕ್ಕೆ ಮೇವು ಹಾಕಿ, ಆಮೇಲೆ ಹೊಸವಕ್ಕೆ ಹಾಕಿ. ಬಂದ ದಿನವೇ ಲಸಿಕೆ ಚುಚ್ಚಿಸಬೇಡಿ. ದಾರಿ ಸುಸ್ತಿನ ಮೈ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ವಾರ ಸುಧಾರಿಸಿಕೊಳ್ಳಲಿ, ಜಂತಿನ ಔಷಧಿ ಕೊಡಿ, ಇನ್ನೊಂದು ವಾರ ಬಿಟ್ಟು ಲಸಿಕೆ.

6. ಗುಡ್ಡಕ್ಕೆ ಹೊಡೆಯುವುದು

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹೊರಡಿ. ಇದು ಸೋಮಾರಿತನದ ಮಾತಲ್ಲ. ಜಂತಿನ ಮರಿಗಳು ಒದ್ದೆ ಹುಲ್ಲಿನ ಎಸಳು ಹತ್ತಿ ಕೂತಿರುತ್ತವೆ, ಬಿಸಿಲಿಗೆ ಕೆಳಗಿಳಿಯುತ್ತವೆ. ಹುಲ್ಲಿನ ಬುಡದ ಎರಡು ಇಂಚಿನಲ್ಲೇ ಅವು ಜಾಸ್ತಿ. ಹಾಗಾಗಿ ಒಂದೇ ಜಾಗವನ್ನು ಬುಡ ಸವೆಯುವಷ್ಟು ಮೇಯಿಸಬೇಡಿ. ಗುಡ್ಡವನ್ನು ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿ, ವಾರಕ್ಕೊಂದು ಪಾಲು ಸುತ್ತಿಸಿ.

ಎಚ್ಚರ ಬೇಕಾದ ಜಾಗಗಳು ಇಷ್ಟು.

ಮೊದಲ ಮಳೆಯ ಚಿಗುರು. ಬೇಸಿಗೆಯೆಲ್ಲ ಒಣಗಿದ್ದ ಹೊಟ್ಟೆಗೆ ಒಮ್ಮೆಲೇ ಹಸಿರು ಬಿದ್ದರೆ ಕರುಳಿನಲ್ಲಿರುವ ಒಂದು ಬ್ಯಾಕ್ಟೀರಿಯಾ ವಿಪರೀತ ಹೆಚ್ಚಿ ವಿಷ ಬಿಡುತ್ತದೆ. ಇದೇ ಕರುಳು ಬೇನೆ. ರಾತ್ರಿ ಚೆನ್ನಾಗಿದ್ದ, ಅದೂ ಮಂದೆಯಲ್ಲೇ ದಷ್ಟಪುಷ್ಟವಾಗಿದ್ದ ಕುರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಹೊರಡುವ ಮುಂಚೆ ಒಣಹೊಟ್ಟು ತಿನ್ನಿಸಿ, ಚಿಗುರಿಗೆ ಮೊದಲ ದಿನ ಅರ್ಧ ಗಂಟೆ, ಆಮೇಲೆ ದಿನದಿನಕ್ಕೆ ಹೆಚ್ಚಿಸಿ.

ಎಳೆ ಜೋಳ. ಮೊಣಕಾಲೆತ್ತರದ ಪೈರು, ಮಳೆಯಿಲ್ಲದೆ ಬಾಡಿದ ಪೈರು, ಕೊಯ್ದ ಮೇಲೆ ಬರುವ ಕೂಳೆ ಚಿಗುರು ಮೂರರಲ್ಲೂ ಸಯನೈಡ್ ಆಗುವ ವಿಷ ಇರುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಏದುಸಿರು, ನೊರೆ, ಬೀಳುವುದು. ವೈದ್ಯರು ಬರುವಷ್ಟು ಸಮಯ ಎಷ್ಟೋ ಸಲ ಸಿಗುವುದೇ ಇಲ್ಲ. ಆ ಹೊಲದ ಬದುವಿನಲ್ಲಿ ಹೋಗುವಾಗ ಮುಂದೊಬ್ಬರು ಹಿಂದೊಬ್ಬರು ಇರಬೇಕು.

ಒಕ್ಕಿದ ಕಣ. ಉದುರಿದ ಕಾಳನ್ನು ಮುಕ್ಕಿದ ಕುರಿಗೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ನೀರು ಕುಡಿಸಿದರೆ ಇನ್ನೂ ಉಬ್ಬುತ್ತದೆ. ಕೂಡಲೇ ಡಾಕ್ಟರಿಗೆ ಹೇಳಿ.

ಲಂಟಾನ. ಗುಡ್ಡದ ತುಂಬ ಇದೇ ಇದೆಯಲ್ವಾ? ಹುಲ್ಲಿದ್ದಾಗ ಕುರಿ ಮೂಸುವುದಿಲ್ಲ. ಬರದಲ್ಲಿ ಹಸಿದಾಗ ತಿನ್ನುತ್ತದೆ. ಲಿವರ್ ಕೆಡುತ್ತದೆ, ಬಿಸಿಲು ತಾಗಿದ ಕಡೆ ಮೂತಿ, ಕಿವಿಯ ಚರ್ಮ ಸುಲಿಯುತ್ತದೆ. ಅಂಥ ಕುರಿಯನ್ನು ನೆರಳಿನಲ್ಲೇ ಕಟ್ಟಿ ಚಿಕಿತ್ಸೆ ಕೊಡಿಸಬೇಕು.

ಇನ್ನೊಂದು, ಗುಡ್ಡದಲ್ಲಲ್ಲ, ಅಂಗಡಿಯಲ್ಲಿ ಬರುವ ತಪ್ಪು. ದನಕ್ಕೆ ತಂದ ಖನಿಜ ಮಿಶ್ರಣವನ್ನೇ ಕುರಿಗೂ ಹಾಕುವುದು. ಅದರಲ್ಲಿ ತಾಮ್ರ ಹೆಚ್ಚಿರುತ್ತದೆ. ದನಕ್ಕೆ ಸರಿ, ಕುರಿಯ ಲಿವರಿನಲ್ಲಿ ಅದು ತಿಂಗಳುಗಟ್ಟಲೆ ಕೂಡಿಕೊಂಡು ಒಂದು ದಿನ ಕೊಲ್ಲುತ್ತದೆ. ಕುರಿಯದು ಅಂತ ಬರೆದ ಮಿಶ್ರಣವನ್ನೇ ಕೇಳಿ.

7. ಹುಳು ಮತ್ತು ಲಸಿಕೆ

ಬೇರೆಲ್ಲ ಮರೆತರೂ ಈ ಹಂತ ಮರೆಯಬೇಡಿ. ಸದ್ದಿಲ್ಲದೆ ಮಂದೆ ಕರಗಿಸುವುದು ಹುಳು. ಅದರಲ್ಲೂ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹಿಮಾಂಕಸ್ ಎಂಬ ಹುಳು. ಇದಕ್ಕೆ ಭೇದಿ ಆಗಲೇಬೇಕೆಂದಿಲ್ಲ. ಕುರಿ ಸುಮ್ನೆ ಬಿಳುಚಿಕೊಳ್ಳುತ್ತದೆ. ಗದ್ದದ ಕೆಳಗೆ ನೀರಿನ ಚೀಲದಂತೆ ಊದುತ್ತದೆ.

ಹದಿನೈದು ದಿನಕ್ಕೊಮ್ಮೆ, ಬಿಸಿಲಿನಲ್ಲಿ ನಿಂತು, ಕಣ್ಣು ನೋಡಿ. ಎಡಗೈಯಲ್ಲಿ ಗದ್ದ ಹಿಡಿಯಿರಿ. ಬಲಗೈ ಹೆಬ್ಬೆರಳಿನಿಂದ ಮೇಲಿನ ರೆಪ್ಪೆ ಮೇಲೆ ಮೆತ್ತಗೆ ಒತ್ತಿ, ಇನ್ನೊಂದು ಬೆರಳಿನಿಂದ ಕೆಳರೆಪ್ಪೆ ಕೆಳಗೆ ಎಳೆಯಿರಿ. ಒಳಗಿನ ಪದರ ಹೊರಳಿ ಕಾಣುತ್ತದೆ. ದಾಳಿಂಬೆ ಕಾಳಿನ ಕೆಂಪು ಇದ್ದರೆ ಏನೂ ಮಾಡಬೇಡಿ. ತಿಳಿ ಗುಲಾಬಿ ಆಗಿದ್ದರೆ ಔಷಧಿ. ಕಾಗದದ ಹಾಗೆ ಬೆಳ್ಳಗಿದ್ದರೆ ಅಂದೇ ಡಾಕ್ಟರು. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಫಮಾಚಾ ಅಂತ ಐದು ಬಣ್ಣದ ಪಟ್ಟಿಯನ್ನೇ ಮಾಡಿದ್ದಾರೆ. ಪಟ್ಟಿ ಇಲ್ಲದಿದ್ದರೂ ಎರಡು ತಿಂಗಳಲ್ಲಿ ನಿಮ್ಮ ಕಣ್ಣು ಪಳಗುತ್ತದೆ.

ಹೀಗೆ ನೋಡಿ ಕೊಡುವುದು ಯಾಕೆ? ಎಲ್ಲಕ್ಕೂ ತಿಂಗಳು ತಿಂಗಳು ಒಂದೇ ಔಷಧಿ ಸುರಿದರೆ ಹುಳು ಅದಕ್ಕೆ ಒಗ್ಗಿಹೋಗುತ್ತದೆ, ಆಮೇಲೆ ಔಷಧಿ ಹಿಡಿಯುವುದಿಲ್ಲ. ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಇಡೀ ಮಂದೆಗೆ ಕೊಡಿ. ಉಳಿದಂತೆ ಕಣ್ಣು ನೋಡಿ, ಬೇಕಾದದ್ದಕ್ಕೆ ಮಾತ್ರ. ಪ್ರಮಾಣ ಅಂದಾಜಿಗೆ ಬೇಡ, ತಕ್ಕಡಿಗೆ ಹಾಕಿ. ಕಡಿಮೆ ಕೊಟ್ಟರೂ ಹುಳು ಒಗ್ಗಿಕೊಳ್ಳುತ್ತದೆ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಬೇಡ, ಮರಿಗೆ ಅಂಗದ ಊನ ಬರಬಹುದು. ಕೆರೆಯಂಚು, ಗದ್ದೆ ಬಯಲಿನಲ್ಲಿ ಮೇಯಿಸುವವರು ಬಸವನಹುಳುವಿನಿಂದ ಬರುವ ಲಿವರ್ ಹುಳುವಿಗೆ ಬೇರೆ ಔಷಧಿ ಕೇಳಬೇಕು.

ಕುಡಿಸುವಾಗ ಕುರಿಯ ತಲೆ ನೆಲಕ್ಕೆ ಸಮಾಂತರ ಇರಲಿ. ಮೂತಿ ಆಕಾಶಕ್ಕೆತ್ತಿ ಸುರಿದರೆ ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ. ನಮ್ಮ ಮೊದಲ ವರ್ಷ ನಾನೇ ಹೀಗೆ ಒಂದು ಒಳ್ಳೆಯ ಕುರಿ ಕಳೆದೆ. ಹುಳು ಸಾಯಲಿಲ್ಲ, ಕುರಿ ಸತ್ತಿತು.

ಲಸಿಕೆಯ ಲೆಕ್ಕ ಹೀಗೆ. ಕರುಳು ಬೇನೆಗೆ (ಆಸ್ಪತ್ರೆಯಲ್ಲಿ ಇ.ಟಿ. ಅನ್ನುತ್ತಾರೆ) ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ. ಮೊದಲ ಸಲ ಹಾಕಿಸುವಾಗ ಎರಡು-ಮೂರು ವಾರದ ಮೇಲೆ ಇನ್ನೊಂದು ಡೋಸ್ ಬೇಕೇ ಬೇಕು. ಆ ಎರಡನೇದನ್ನು ಬಿಟ್ಟು "ಲಸಿಕೆ ಹಾಕ್ಸಿದ್ರೂ ಸತ್ತವು" ಅನ್ನುವವರೇ ಹೆಚ್ಚು. ಕುರಿ-ಮೇಕೆಗಳ ಪ್ಲೇಗ್ ಎನ್ನುವ ಪಿಪಿಆರ್‌ಗೆ ಮರಿಗೆ ಮೂರು-ನಾಲ್ಕು ತಿಂಗಳು ತುಂಬಿದ ಮೇಲೆ ಒಂದು ಡೋಸ್, ಮೂರು ವರ್ಷ ಕಾಯುತ್ತದೆ. ನೀಲಿ ನಾಲಿಗೆ ರೋಗ ಕುರಿಯಿಂದ ಕುರಿಗೆ ತಾಗಿ ಬರುವುದಲ್ಲ, ಮಳೆಗಾಲದಲ್ಲಿ ಏಳುವ ಸಣ್ಣ ನುಸಿ ಕಚ್ಚಿ ಬರುತ್ತದೆ. ಅದರ ಲಸಿಕೆ ನುಸಿ ಏಳುವ ಮುಂಚೆ ಆಗಿರಬೇಕು, ಸಂಜೆ ರೊಪ್ಪದ ಬಳಿ ಬೇವಿನ ಹೊಗೆ ಹಾಕುವುದೂ ಒಳ್ಳೆಯದೇ. ಕುರಿ ಸಿಡುಬು, ಕಾಲುಬಾಯಿ, ಗಂಟಲು ಬೇನೆ ಲಸಿಕೆಗಳನ್ನು ನಿಮ್ಮ ಪಶು ಆಸ್ಪತ್ರೆಯ ಕ್ಯಾಲೆಂಡರ್ ಕೇಳಿ ಹೊಂದಿಸಿಕೊಳ್ಳಿ. ಇವುಗಳಲ್ಲಿ ಹಲವನ್ನು ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲೇ ತಯಾರಿಸುತ್ತಾರೆ.

ಲಸಿಕೆ 2ರಿಂದ 8 ಡಿಗ್ರಿ ತಣ್ಣಗಿರಬೇಕು. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಕಾದು ಬಂದ ಲಸಿಕೆ ನೀರಿಗೆ ಸಮ. ಐಸ್ ಹಾಕಿದ ಫ್ಲಾಸ್ಕ್ ಇಲ್ಲದೆ ತರಲು ಹೋಗಬೇಡಿ. ತುರ್ತಿಗೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಇದೆ.

8. ಟಗರು ಬಿಡುವ ಕಾಲ

ಕುರಿಯ ಗಬ್ಬ ಸುಮಾರು 150 ದಿನ, ಅಂದರೆ ಐದು ತಿಂಗಳು. ಜೂನ್-ಜುಲೈನಲ್ಲಿ ಟಗರು ಬಿಟ್ಟರೆ ನವೆಂಬರ್-ಡಿಸೆಂಬರ್‌ನಲ್ಲಿ ಮರಿ. ಮಳೆ ನಿಂತಿರುತ್ತದೆ, ಹುಲ್ಲು ಇನ್ನೂ ಇರುತ್ತದೆ, ಸುಗ್ಗಿಯ ಹೊಟ್ಟು ಬರುತ್ತಿರುತ್ತದೆ. ಟಗರು ವರ್ಷವಿಡೀ ಮಂದೆಯಲ್ಲೇ ಇದ್ದರೆ ಜಡಿಮಳೆಯಲ್ಲೂ ಮರಿ ಹುಟ್ಟುತ್ತವೆ, ನೆಂದ ಮರಿಗೆ ನ್ಯುಮೋನಿಯಾ ಗ್ಯಾರಂಟಿ. ಬೇರೆ ಕಟ್ಟಲು ಜಾಗವಿಲ್ಲದಿದ್ದರೆ ಟಗರಿನ ಹೊಟ್ಟೆ ಕೆಳಗೆ ಅಡ್ಡ ಬಟ್ಟೆ ಕಟ್ಟಿ ಬಿಡಿ.

ಬಿಡುವ ಮೂರು ವಾರ ಮುಂಚಿನಿಂದ ಹೆಣ್ಣು ಕುರಿಗಳಿಗೆ ದಿನಕ್ಕೆ 200 ಗ್ರಾಂ ಕಾಳು-ಹಿಂಡಿ ಮಿಶ್ರಣ ಕೊಡಿ. ಮೈ ಏರುವ ಕುರಿ ಬೇಗ ಬೆದೆಗೆ ಬರುತ್ತದೆ. ಬೆದೆ 17 ದಿನಕ್ಕೊಮ್ಮೆ ಬರುತ್ತದೆ. ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಬಳಿಯಿರಿ. ಯಾವ ಕುರಿಯ ಸೊಂಟ ಕೆಂಪಾಯಿತೋ ಪುಸ್ತಕದಲ್ಲಿ ಅದರ ಮುಂದೆ ತಾರೀಖು ಬರೆಯಿರಿ. 17 ದಿನ ಕಳೆದ ಮೇಲೆ ಮತ್ತೆ ಕೆಂಪಾದರೆ ಗಬ್ಬ ನಿಂತಿಲ್ಲ. ಬಹುತೇಕ ಕುರಿಗಳು ಮತ್ತೆ ಮತ್ತೆ ಕೆಂಪಾಗುತ್ತಿದ್ದರೆ ತಪ್ಪು ಟಗರಿನದು. ಈ ಎರಡು ರೂಪಾಯಿಯ ಕೆಮ್ಮಣ್ಣು ಒಂದು ವರ್ಷ ಉಳಿಸುತ್ತದೆ.

ಎರಡು ವರ್ಷಕ್ಕೆ ಟಗರು ಬದಲಿಸಿ. ಇಲ್ಲದಿದ್ದರೆ ತನ್ನ ಮಗಳನ್ನೇ ಹಾರುತ್ತದೆ.

9. ಈಯುವ ಹೊತ್ತು

ಹೊಟ್ಟೆಯಲ್ಲಿನ ಮರಿಯ ಬೆಳವಣಿಗೆಯಲ್ಲಿ ಹೆಚ್ಚಿನ ಪಾಲು ಆಗುವುದು ಕೊನೆಯ ಆರು ವಾರದಲ್ಲಿ. ಆಗ ಮತ್ತೆ 200ರಿಂದ 300 ಗ್ರಾಂ ಕೈಮೇವು ಬೇಕು. ದೂರದ ಗುಡ್ಡ ಬೇಡ, ಮನೆ ಹತ್ತಿರ ಮೇಯಿಸಿ. ಈಯಲು ಒಂದು ತಿಂಗಳಿರುವಾಗ ಕರುಳು ಬೇನೆ ಲಸಿಕೆ ಹಾಕಿಸಿದರೆ ರಕ್ಷಣೆ ಗಿಣ್ಣು ಹಾಲಿನ ಮೂಲಕ ಮರಿಗೂ ಸಿಗುತ್ತದೆ.

ಮುಂಚೆಯೇ ತಂದಿಡಿ: ಟಿಂಚರ್ ಅಯೋಡಿನ್, ಕೈಗವಸು, ಒಣ ಗೋಣಿ, ಟಾರ್ಚ್, ಹಾಲುಣಿಸುವ ಬಾಟಲಿ.

ಈಯುವ ಕುರಿ ಮಂದೆ ಬಿಟ್ಟು ಮೂಲೆ ಹಿಡಿಯುತ್ತದೆ. ಮುಂಗಾಲಿನಲ್ಲಿ ನೆಲ ಕೆರೆಯುತ್ತದೆ, ಮಲಗುತ್ತದೆ, ಏಳುತ್ತದೆ, ತನ್ನ ಹಿಂದೆ ತಿರುಗಿ ನೋಡುತ್ತದೆ. ಬಾಲದ ಎರಡೂ ಬದಿ ಗುಳಿ ಬಿದ್ದಿರುತ್ತದೆ. ದೂರ ಕೂತು ನೋಡಿ. ಮೊದಲು ನೀರಿನ ಚೀಲ. ಆಮೇಲೆ ಎರಡು ಮುಂಗಾಲಿನ ಗೊರಸು, ಅದರ ಮೇಲೆ ಮೂತಿ. ಈ ಮೂರೂ ಕಂಡರೆ ನೀವು ಮಾಡಬೇಕಾದ್ದು ಏನಿಲ್ಲ. ಒಂದೇ ಕಾಲು, ಅಥವಾ ಬರೀ ಬಾಲ ಕಂಡರೆ, ನೀರು ಒಡೆದು ಮುಕ್ಕಾಲು ಗಂಟೆಯಾದರೂ ಮುಂದೆ ಸಾಗದಿದ್ದರೆ ಡಾಕ್ಟರನ್ನು ಕರೆಯಿರಿ. ಎಳೆಯಲು ಹೋಗಬೇಡಿ.

ಮರಿ ನೆಲಕ್ಕೆ ಬಿದ್ದ ಕೂಡಲೇ ಮೂಗು, ಬಾಯಿಯ ಲೋಳೆ ಒರೆಸಿ. ಉಸಿರಾಡದಿದ್ದರೆ ಒಣಹುಲ್ಲಿನ ಕಡ್ಡಿಯನ್ನು ಮೂಗಿನ ಹೊಳ್ಳೆಯೊಳಗೆ ಆಡಿಸಿ, ಸೀನುತ್ತದೆ. ಗೋಣಿಯಿಂದ ಪಕ್ಕೆ ತಿಕ್ಕಿ. ಉಸಿರು ಬಂದರೆ ತಾಯಿಯ ಮೂತಿಯ ಮುಂದಿಟ್ಟು ದೂರ ಸರಿಯಿರಿ. ತಾಯಿ ನೆಕ್ಕುವುದು ಬರೀ ಒಣಗಿಸಲು ಅಲ್ಲ, ಆ ವಾಸನೆಯಲ್ಲೇ ಅದು ಮರಿಯನ್ನು ಗುರುತು ಹಿಡಿಯುವುದು. ಹೊಸಬರು ಪ್ರೀತಿಯಿಂದ ಮರಿ ಎತ್ತಿ, ಒರೆಸಿ, ಮಕ್ಕಳ ಕೈಗೆ ಕೊಟ್ಟು, ಅರ್ಧ ಗಂಟೆ ಬಿಟ್ಟು ತಾಯಿಗೆ ಕೊಡುತ್ತಾರೆ. ತಾಯಿ ಒದೆಯುತ್ತದೆ. ಅದರದೇನು ತಪ್ಪು?

ಹೊಕ್ಕಳು ಬಳ್ಳಿಯನ್ನು ಅಯೋಡಿನ್‌ನಲ್ಲಿ ಅದ್ದಿ. ನಂತರ ತಾಯಿಯ ಎರಡೂ ಮೊಲೆಯಿಂದ ಒಂದೊಂದು ಧಾರೆ ಹಿಂಡಿ ಚೆಲ್ಲಿ. ತುದಿಯಲ್ಲಿ ಮೇಣದಂಥ ಬಿರಡೆ ಕೂತಿರುತ್ತದೆ, ಎಳೆ ಮರಿ ಅದನ್ನು ಎಳೆದು ತೆಗೆಯಲಾರದೆ ಸೋಲುತ್ತದೆ. ಮೊದಲ ಗಂಟೆಯೊಳಗೆ ಗಿಣ್ಣು ಹೊಟ್ಟೆಗೆ ಹೋಗಬೇಕು. ಮರಿ ಹುಟ್ಟುವಾಗ ಅದಕ್ಕೆ ರೋಗದ ತಡೆ ಇರುವುದಿಲ್ಲ, ಎಲ್ಲ ಗಿಣ್ಣಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಶಕ್ತಿ ಕರುಳಿಗೆ ಒಂದು ದಿನ ಮಾತ್ರ ಇರುತ್ತದೆ. ಮರಿಯ ತೂಕದ ಹತ್ತರಲ್ಲಿ ಒಂದು ಪಾಲು ಗಿಣ್ಣು ಮೊದಲ ದಿನ ಹೋಗಬೇಕು. ಎರಡೂವರೆ ಕಿಲೋ ಮರಿಗೆ 250 ಮಿಲಿ. "ಗಿಣ್ಣು ಜಾಸ್ತಿಯಾದ್ರೆ ಭೇದಿ ಆಗುತ್ತೆ" ಅಂತ ಹಿಂಡಿ ಚೆಲ್ಲುವ ರೂಢಿ ಇನ್ನೂ ಇದೆ. ದಯವಿಟ್ಟು ಬೇಡ.

ಚಳಿಗೆ ಸೆಟೆದು ಕತ್ತೆತ್ತಲಾಗದ ಮರಿಗೆ ಬಾಟಲಿ ಇಡಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಒಲೆಯ ಬಳಿ ಗೋಣಿಯಲ್ಲಿ ಸುತ್ತಿ ಬೆಚ್ಚಗೆ ಮಾಡಿ. ಕತ್ತೆತ್ತಿ ಬಾಯಾಡಿಸಿದ ಮೇಲೆ ಹಾಲು.

ಮಾಸು ಕೆಲವು ಗಂಟೆಯಲ್ಲಿ ತಾನೇ ಬೀಳುತ್ತದೆ. 12 ಗಂಟೆ ದಾಟಿದರೆ ಡಾಕ್ಟರು. ಎಳೆಯಬೇಡಿ. ಬಿದ್ದ ಮಾಸನ್ನು ಆಳವಾಗಿ ಹೂಳಿ, ನಾಯಿಗೆ ರುಚಿ ಹತ್ತಬಾರದು. ಮಾಸು, ಕಂದು ಹಾಕಿದ (ದಿನ ತುಂಬದೆ ಬಿದ್ದ) ಮರಿ ಇವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾದಂಥ ರೋಗ ಮನುಷ್ಯರಿಗೂ ಬರುತ್ತದೆ. ಮನೆಯಲ್ಲಿ ಬಸುರಿ ಹೆಣ್ಣುಮಗಳು ಇದ್ದರೆ ಈಯುವ ಕುರಿಯ ಹತ್ತಿರ ಅವರು ಬರಲೇಬಾರದು.

ಮರಿಗೆ ಎರಡು ವಾರ ಆದಾಗ ಅಗಸೆ ಸೊಪ್ಪಿನ ಕಟ್ಟು ಮೂತಿಗೆ ಎಟುಕುವಂತೆ ನೇತು ಹಾಕಿ. ಆಟವಾಡುತ್ತಾ ಮೇಯಲು ಕಲಿಯುತ್ತದೆ. ತಾಯಿಯ ಹಿಂದೆ ಗುಡ್ಡಕ್ಕೆ ಒಂದು ತಿಂಗಳ ಮೇಲೆ, ಹಾಲು ಬಿಡಿಸುವುದು 90 ದಿನಕ್ಕೆ. ನಾಲ್ಕು ತಿಂಗಳಿಗೆ ಗಂಡು ಮರಿಗಳನ್ನು ಬೇರೆ ಮಾಡಿ.

10. ಮನೆಯವರ ಪಾಳಿ

ಯಾರೂ ಕೇಳದ, ಆದರೆ ಮಂದೆ ಮುರಿಯುವ ವಿಷಯ ಇದು. ಕುರಿಗೆ ಹಬ್ಬವಿಲ್ಲ, ಮದುವೆಯಿಲ್ಲ. ಮೇಯಿಸುವವರು ಒಬ್ಬರು, ರೊಪ್ಪ ಗುಡಿಸಿ ಮರಿ ನೋಡುವವರು ಒಬ್ಬರು, ಲೆಕ್ಕದ ಪುಸ್ತಕ ಬರೆಯುವವರು ಒಬ್ಬರು. ಮೂವರಿಗೂ ಮೂರೂ ಕೆಲಸ ಗೊತ್ತಿರಬೇಕು. ಎಷ್ಟೋ ಮನೆಗಳಲ್ಲಿ ಮರಿ ಉಳಿಸುವುದು ಅವ್ವ, ಮಾರುವಾಗ ಮಾತಾಡುವುದು ಅಪ್ಪ. ಯಾವುದನ್ನು ಮಾರಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಅವ್ವನನ್ನೂ ಕೇಳಿ. ಯಾವ ಕುರಿಗೆ ಹಾಲು ಸಾಲಲಿಲ್ಲ ಅನ್ನುವುದು ಅವರಿಗೇ ಗೊತ್ತು.

11. ಮಾರಾಟ, ಕಾಗದಪತ್ರ

ಮೊದಲ ವರ್ಷ ಹೆಣ್ಣು ಮರಿ ಮಾರಬೇಡಿ. ಗಂಡು ಮರಿಗಳನ್ನು ಕಣ್ಣಂದಾಜಿಗೆ ಕೊಡದೆ ತೂಗಿ ಕೊಡಿ. ಒಂದು ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿರಲಿ, ಔಷಧಿ ಪ್ರಮಾಣಕ್ಕೂ ಅದೇ ಬೇಕು. ಗೊಬ್ಬರವನ್ನು ಮೊದಲು ನಿಮ್ಮ ಹೊಲಕ್ಕೇ ಹಾಕಿ. ಸುಗ್ಗಿ ಆದಮೇಲೆ ರಾತ್ರಿ ಹೊಲದಲ್ಲೇ ಮಂದೆ ತರುಬಿದರೆ ಹೊರುವ ಕೂಲಿಯೂ ಉಳಿಯುತ್ತದೆ. ಡೆಕ್ಕನಿ ಇಟ್ಟವರು ವರ್ಷಕ್ಕೆರಡು ಸಲ ಉಣ್ಣೆ ಕತ್ತರಿಸಬೇಕು. ಉಣ್ಣೆಯ ರೇಟಿನ ಮೇಲೆ ಲೆಕ್ಕ ಕಟ್ಟಬೇಡಿ, ಕತ್ತರಿಸುವ ಕೂಲಿ ಹುಟ್ಟಿದರೆ ಸಾಕು. ಚಳ್ಳಕೆರೆ, ಮೆಡ್ಲೇರಿ ಕಡೆ ಕಂಬಳಿ ನೇಯುವವರ ಪರಿಚಯ ಇದ್ದರೆ ಮಾತ್ರ ಮಾತು ಬೇರೆ.

ಪ್ರತಿ ಕುರಿಗೂ ಕಿವಿಗೆ 12 ಅಂಕಿಯ ಓಲೆ ಹಾಕಿಸಿ. ವಿಮೆಗೆ ಅದೇ ಆಧಾರ. ಕುರಿ ಸತ್ತಾಗ ಮಾಡುವ ದೊಡ್ಡ ತಪ್ಪು, ದುಃಖದಲ್ಲಿ ಬೇಗ ಹೂತುಬಿಡುವುದು. ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ವಿಮೆಯೂ ಇಲ್ಲ, ಸರ್ಕಾರದ ಅನುಗ್ರಹ ಯೋಜನೆಯ ಪರಿಹಾರವೂ ಇಲ್ಲ. ಓಲೆ ಕಾಣುವಂತೆ ಫೋಟೊ ತೆಗೆದು, ಡಾಕ್ಟರಿಗೆ ಫೋನ್ ಮಾಡಿ, ಅವರು ಬರುವವರೆಗೆ ನೆರಳಿನಲ್ಲಿ ಗೋಣಿ ಮುಚ್ಚಿಡಿ. ಒಂದು ಎಚ್ಚರ: ಇದ್ದಕ್ಕಿದ್ದಂತೆ ಸತ್ತು, ಮೂಗು-ಬಾಯಿಯಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಆ ಕುರಿಯನ್ನು ಕೊಯ್ಯಲೂಬಾರದು, ಸುಲಿಯಲೂಬಾರದು, ಮುಟ್ಟಲೂಬಾರದು. ಫೋನಿನಲ್ಲೇ ಡಾಕ್ಟರಿಗೆ ಇದನ್ನು ಮೊದಲು ಹೇಳಿ.